ಆರ್ಡರ್ ಕಾಕಾ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಯಾವ ಬಳಗದಲ್ಲಾದರೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ವಯಸ್ಸು ಐವತ್ತರ ಆಚೀಚೆ. ಕಿಸೆಯಲ್ಲಿ ಕನ್ನಡಕ ಇರುತ್ತದೆ, ಆದರೆ ಮೆನು ಕಾರ್ಡಿಗಾಗಿ ಅದನ್ನು ಹೊರತೆಗೆದದ್ದನ್ನು ಯಾರೂ ನೋಡಿಲ್ಲ. ಕಾರ್ಡು ಟೇಬಲ್ಲಿಗೆ ಬಂದದ್ದೇ ತಡ, ಅದರ ಮೇಲೆ ಅಂಗೈ ಊರಿ, "ಇದನ್ನೇನ್ ನೋಡ್ತೀರಿ, ನಾ ಹೇಳ್ತೀನಿ" ಅನ್ನುತ್ತಾರೆ. ಅಲ್ಲಿಗೆ ಉಳಿದವರ ಹಸಿವೆಯ ವಹಿವಾಟೆಲ್ಲ ಅವರ ಹೆಸರಿಗೆ ಖಾತೆ ಬದಲಾಯಿತು. ಇವರೇ ಆರ್ಡರ್ ಕಾಕಾ.

ಖಾನಾವಳಿಯಲ್ಲಿ ಇವರ ಆಟ ನಡೆಯುವುದಿಲ್ಲ. ರೊಟ್ಟಿ, ಝುಣಕ, ಎಣಗಾಯಿ, ಶೇಂಗಾ ಹಿಂಡಿ ಹೇಳದೆಯೇ ತಾಟಿಗೆ ಬಂದು ಬೀಳುವಲ್ಲಿ ಮುಖಂಡನಿಗೆ ಏನು ಕೆಲಸ? ಕಾಕಾರ ಪರಾಕ್ರಮವೆಲ್ಲ 'ಚೈನೀಸ್' ಎಂಬ ಬೋರ್ಡಿನ ಕೆಳಗೆ. ಈ ವಿದ್ಯೆಯನ್ನು ಬೆಳಗಾವಿಯಲ್ಲಿ ಡಿಗ್ರಿ ಓದುವಾಗ ಕಲಿತರಂತೆ, ಕೊಲ್ಲಾಪುರದಲ್ಲಿ ತಿದ್ದಿಕೊಂಡರಂತೆ. ಅದಕ್ಕೇ ಗೋಕಾಕದಲ್ಲಿ ಕೂತು ಏನೇ ತಿಂದರೂ "ಕೊಲ್ಲಾಪುರದಾಗ ಹಿಂಗಿರಂಗಿಲ್ಲ" ಎಂಬ ಷರಾ ಬರೆಯದೆ ಏಳುವುದಿಲ್ಲ.

ಮೊದಲು ಸೂಪಿನ ಲೆಕ್ಕ. ಒಂಬತ್ತು ಮಂದಿ ಇದ್ದರೆ ನಾಲ್ಕು ಮಂಚಾವ್, 'ಒನ್ ಬೈ ಟೂ'. ಒಂಬತ್ತನೆಯವನಿಗೆ? ಒಂದು ಖಾಲಿ ಬಟ್ಟಲು ತರಿಸುತ್ತಾರೆ. ಎಂಟೂ ಜನ ಎರಡೆರಡು ಚಮಚ ಅದಕ್ಕೆ ಹಾಕಬೇಕು. ಕೊನೆಗೆ ಎಲ್ಲರಿಗಿಂತ ಹೆಚ್ಚು ಸೂಪು ಕುಡಿದವನು ಆ ಒಂಬತ್ತನೆಯವನೇ ಆಗಿರುತ್ತಾನೆ. ಸಹಕಾರ ತತ್ವ ಈ ಸೀಮೆಯ ರಕ್ತದಲ್ಲೇ ಇದೆ ಅನ್ನಿ. ಹುಕ್ಕೇರಿಯಲ್ಲಿ ಮನೆಮನೆಗೆ ಕರೆಂಟು ಹಂಚುವುದಕ್ಕೂ 1969ರಿಂದ ಒಂದು ಸಹಕಾರಿ ಸಂಘವೇ ಇದೆ. ಸೂಪು ಯಾವ ಲೆಕ್ಕ!

ಆಮೇಲೆ ಮಾಣಿಯೊಡನೆ ಮಾತುಕತೆ. ಹುಡುಗ ನೇಪಾಳದವನು ಎಂದು ಗೊತ್ತಾದ ಕೂಡಲೇ ಕಾಕಾರ ಹಿಂದಿ ಉಕ್ಕಿ ಬರುತ್ತದೆ.

"ಇಧರ್ ಆ ರೇ. ಗೋಬಿ ತಾಜಾ ಐತಿ ಕ್ಯಾ?"

"ಮುಂಜಾನೆ ತಂದದ್ದು ಐತ್ರಿ ಕಾಕಾ. ಡ್ರೈ ಮಾಡ್ಲ್ಯೋ, ಗ್ರೇವಿ ಮಾಡ್ಲ್ಯೋ?"

"ಡ್ರೈ ಕರೋ, ಲೇಕಿನ್ ಭಾಳ ಡ್ರೈ ನಹೀ."

ಹುಡುಗನ ಕನ್ನಡ ಘಟಪ್ರಭೆಯ ನೀರು ಕುಡಿದು ತಯಾರಾದದ್ದು. ಆದರೂ ಕಾಕಾ ಹಿಂದಿ ಬಿಡುವುದಿಲ್ಲ. ಶ್ರಾವಣವಾಗಿದ್ದರೆ ಒಂದು ಉಪಪ್ರಶ್ನೆಯೂ ಉಂಟು: "ಚಿಕನ್ ಕರದ ಕಡಾಯಿದಾಗ ಗೋಬಿ ಕರಿಯಂಗಿಲ್ಲಲ್ಲ?" "ಛೇ, ಕಡಾಯಿ ಬ್ಯಾರೆ ಬ್ಯಾರೆ ಅದಾವ್ರಿ." ಕಾಕಾ ಸಮಾಧಾನದಿಂದ ತಲೆ ಆಡಿಸುತ್ತಾರೆ. ಎಣ್ಣೆಯಿಂದ ಎತ್ತುವ ಝಾರಾ ಎಷ್ಟಿವೆ ಎಂದು ಅವರು ಕೇಳುವುದಿಲ್ಲ, ಇವನೂ ಹೇಳುವುದಿಲ್ಲ. ಶ್ರಾವಣ ಹೀಗೆ ಸುಸೂತ್ರವಾಗಿ ನಡೆಯುತ್ತದೆ.

ಮನೆಮಂದಿಯ ಜೊತೆ ಬಂದಾಗ ಕಾಕಾರಿಗೆ ಇರುವ ಒಂದೇ ವಿರೋಧ ಪಕ್ಷ ಅವರ ತಾಯಿ. ಹಕ್ಕಾ ನೂಡಲ್ಸ್ ಬಂದ ದಿನ ಮುದುಕಿ ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದು ನೋಡಿ, "ಶಾವಿಗಿ ಚಲೋ ಹೊಸದಾರ. ಹಾಲು ಬೆಲ್ಲ ಎಲ್ಲೈತಿ?" ಎಂದರು. ಕಾಕಾ ಎಷ್ಟು ತಿಳಿಹೇಳಿದರೂ ಬಗ್ಗಲಿಲ್ಲ. ಮಾಣಿ ಚಹಾಕ್ಕೆ ಇಟ್ಟ ಹಾಲನ್ನೇ ಒಂದು ಬಟ್ಟಲಲ್ಲಿ ತಂದುಕೊಟ್ಟ. ಸೋಯಾ ಸಾಸಿನ ಶಾವಿಗೆಗೆ ಹಾಲು ಸುರಿದು ಉಂಡ ಮುದುಕಿ, "ಉಪ್ಪ ಒಂದೀಟ ಜಾಸ್ತಿ" ಎಂದಷ್ಟೇ ತೀರ್ಪು ಕೊಟ್ಟರು. ಇದರಲ್ಲಿ ನಗಲು ನನಗೇನೂ ಕಾಣುವುದಿಲ್ಲ. ಮಂಚೂರಿಯೇನು ಮಂಚೂರಿಯಾದಿಂದ ಬಂತೇ? ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ ಎಂಬ ಬಾಣಸಿಗ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ, ಹೊಸದೇನಾದರೂ ಮಾಡು ಎಂದ ಗಿರಾಕಿಗಾಗಿ ನಮ್ಮ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗೆ ಸೋಯಾ ಸಾಸು, ಕಾರ್ನ್‌ಫ್ಲೋರ್ ಸೇರಿಸಿ ಮಾಡಿದ್ದು. ಆಗ ಅದು ಚಿಕನ್ ಮಂಚೂರಿ. ಕೋಳಿ ಹೋಗಿ ಹೂಕೋಸು ಬಂದದ್ದು ನಮ್ಮಂಥವರ ಪುಣ್ಯ.

ಕಾಕಾರ ನಿಜವಾದ ದರ್ಬಾರು ನೋಡಬೇಕಿದ್ದರೆ ಆಫೀಸಿನವರ ಪಾರ್ಟಿಗೆ ಹೋಗಬೇಕು. ಮೂಡಲಗಿ 2018ರಲ್ಲಿ ಗೋಕಾಕದಿಂದ ಬೇರೆ ತಾಲ್ಲೂಕಾದ ಮೇಲೆ ಕಚೇರಿಗಳು ಬಂದವು, ಕಚೇರಿಗಳ ಜೊತೆ ವರ್ಗಾವಣೆ, ಪ್ರಮೋಷನ್ನು, ಬೀಳ್ಕೊಡುಗೆ ಎಲ್ಲ ಬಂದವು. ಹಗಲೆಲ್ಲ ಸಾಹೇಬರ ಎದುರು ಫೈಲು ಹಿಡಿದು ನಿಂತೇ ಮಾತಾಡುವ ಕಾಕಾ, ಸಂಜೆ ಟೇಬಲ್ಲಿನ ತುದಿಗೆ ಕೂತು, "ಸರ್, ನೀವು ಸುಮ್ಕ ಕುಂದರ್ರಿ, ನಾ ಹೇಳ್ತೀನಿ" ಅನ್ನುತ್ತಾರೆ. ಸಾಹೇಬರು ಸುಮ್ಮನೆ ಕೂರುತ್ತಾರೆ. ಇಷ್ಟಕ್ಕಾಗಿ ಮನುಷ್ಯ ಶೇಜವಾನ್ ರೈಸ್ ಏನು, ಇನ್ನೂ ಏನನ್ನಾದರೂ ತಿಂದಾನು. ಮೈಸೂರು ಕಡೆಯಿಂದ ಬಂದ ಹೊಸ ಗುಮಾಸ್ತ ಒಮ್ಮೆ ಮೆಲ್ಲಗೆ "ಖಾರ ಸ್ವಲ್ಪ ಕಮ್ಮಿ" ಎಂದಿದ್ದಕ್ಕೆ ಕಾಕಾ ಅದನ್ನು ಅಡುಗೆಮನೆಗೆ ತಲುಪಿಸಿದ್ದು ಹೀಗೆ: "ಸಾಹೇಬರು ಸಂಕೇಶ್ವರದ ಮೆಣಸಿನಕಾಯಿ ಇನ್ನೂ ನೋಡಿಲ್ಲ, ತೋರಸ್ರಿ."

2024ರ ಮಾರ್ಚಿನಲ್ಲಿ ಕಾಕಾರಿಗೆ ದೊಡ್ಡ ಪೆಟ್ಟು ಬಿತ್ತು. ಗೋಬಿಗೆ ಕೃತಕ ಬಣ್ಣ ಹಾಕಬಾರದೆಂದು ಸರಕಾರ ನಿಷೇಧ ಹೊರಡಿಸಿತು. ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಪೇಪರಿನಲ್ಲಿ ಓದಿ ಮನೆಯವರು ಗಾಬರಿಯಾದರೆ, ಕಾಕಾ ಕೂಡಿಸಿ ಕಳೆದು, "ಅಂದ್ರ 64 ಬರೋಬ್ಬರಿ ಇದ್ವು. ನಾವು ತಿಂದದ್ದು ಅದ್ರಾಗಿಂದು" ಎಂದರು. ಆದರೆ ಕಂದು ಬಣ್ಣದ ಮಂಚೂರಿ ಮೊದಲ ಸಲ ಎದುರಿಗೆ ಬಂದಾಗ ಮಾತ್ರ ಬಹಳ ಹೊತ್ತು ನೋಡಿ, "ಭಂಡಾರ ಹಾರಸದ ಜಾತ್ರಿ ಆದಂಗಾತು" ಎಂದು ನಿಟ್ಟುಸಿರು ಬಿಟ್ಟರು. ಪ್ಲೇಟು ಮಾತ್ರ ಖಾಲಿಯಾಯಿತು.

ಬಿಲ್ಲಿನ ವಿಚಾರದಲ್ಲಿ ಕಾಕಾರದು ಹಳೇ ತಂತ್ರ: ಕೈ ತೊಳೆಯುವ ನೆವ ಮಾಡಿ ಎದ್ದು, ಗಲ್ಲೆಯ ಮೇಲೆ ರೊಕ್ಕ ಇಟ್ಟು, ಸೋಂಪು ಅಗಿಯುತ್ತ ಬರುವುದು. ಆ ಮೇಲೆ ಎಷ್ಟು ಆಣೆ ಹಾಕಿದರೂ ಪ್ರಯೋಜನವಿಲ್ಲ. ಈ ತಂತ್ರ ಸೋತದ್ದು ಬೆಂಗಳೂರಿನಿಂದ ಬಂದ ಅಣ್ಣನ ಮಗನ ಮುಂದೆ. ಹುಡುಗ ಊಟದುದ್ದಕ್ಕೂ ಅಲ್ಲಿಯ ಜಪಾನಿ ಹೋಟೆಲುಗಳ ವರ್ಣನೆ ಮಾಡಿದ. "ಸುಶಿ ಅಂದ್ರ ಅನ್ನದ ಮ್ಯಾಲೆ ಹಸೀ ಮೀನಾ ಇಟ್ಟ ಕೊಡ್ತಾರ ಕಾಕಾ." "ಹಸೀದು? ಯಾಕ, ಸಿಲಿಂಡರ್ ಖಾಲಿ ಆಗಿತ್ತೇನು?" ಎಲ್ಲರೂ ನಕ್ಕರು. ಗೆದ್ದ ಹುರುಪಿನಲ್ಲಿ ಕಾಕಾ ಕೈ ತೊಳೆಯಲು ಎದ್ದರು. ಅಷ್ಟರಲ್ಲಿ ಗಲ್ಲೆಯ ಮೇಲಿನ ಡಬ್ಬಿ ಹೆಣ್ಣುದನಿಯಲ್ಲಿ ಊರಿಗೆಲ್ಲ ಕೇಳುವಂತೆ ರೊಕ್ಕ ಮುಟ್ಟಿದ ಸುದ್ದಿ ಹೇಳಿತು. ಹುಡುಗ ಕೂತಲ್ಲೇ ಟೇಬಲ್ಲಿನ ಮೇಲಿದ್ದ ಚೌಕಟ್ಟಿಗೆ ಮೊಬೈಲ್ ಹಿಡಿದು ಕೆಲಸ ಮುಗಿಸಿದ್ದ.

ಕಾಕಾ ಸೋಂಪು ಮುಟ್ಟಲಿಲ್ಲ. ಹೊರಗೆ ಬಂದವರೇ ಕರದಂಟು ಕೊಳ್ಳಲು ಹೊರಟರು. ಮೊದಲನೇ ಅಂಗಡಿಯ ಬಾಗಿಲಲ್ಲಿ ನಿಂತು "ಸ್ಕ್ಯಾನರ್ ಐತೇನ್ರಿ?" ಎಂದು ಕೇಳಿದರು. ಐತಿ ಎಂದರು. ಮುಂದೆ ನಡೆದರು. ಎರಡನೆಯದರಲ್ಲೂ ಇತ್ತು. ಮೂರನೆಯವನು "ಮಷಿನ್ ಕೆಟ್ಟೈತ್ರಿ, ರೊಕ್ಕಾನ ಕೊಡ್ರಿ" ಎಂದದ್ದೇ ತಡ, ಕಾಕಾ ಅಣ್ಣನ ಮಗನ ಕಡೆ ತಿರುಗಿಯೂ ನೋಡದೆ, "ಮೂರು ಕೆಜಿ ಕಟ್ಟು" ಎಂದರು.