ವಿಶ್ವ ಯುವಜನ ದಿನ: ಬಳಕೆದಾರರ ಕೈಪಿಡಿ

ಅಭಿನಂದನೆಗಳು! 2027ರ ಆಗಸ್ಟ್ 3ರಿಂದ 8ರವರೆಗೆ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ನಿಗದಿಯಾಗಿರುವ ವಿಶ್ವ ಯುವಜನ ದಿನಕ್ಕೆ ಮಂಗಳೂರಿನ ನಿಮ್ಮ ಚರ್ಚಿನಿಂದ ಹೆಸರು ಕೊಟ್ಟಿದ್ದೀರಿ. ಅಪ್ಪನಿಗೆ ತೀರ್ಥಯಾತ್ರೆ ಎಂದಿದ್ದೀರಿ, ಗೆಳೆಯರಿಗೆ ಫಾರಿನ್ ಟೂರ್ ಎಂದಿದ್ದೀರಿ. ಹೊರಡುವ ಮೊದಲು ಈ ಕೈಪಿಡಿಯನ್ನು ತಪ್ಪದೆ ಓದಿ. ಓದದೆ ಹೋದವರು ಎರಡನೇ ದಿನವೇ “ಫಾದರ್, ಹೋಟೆಲ್ ಎಲ್ಲಿ?” ಎಂದು ಕೇಳುತ್ತಾರೆ. ಹೋಟೆಲ್ ಇಲ್ಲ.

1. ಪರಿಚಯ

ಕಥೋಲಿಕ ಯುವಜನರ ಈ ವಿಶ್ವ ಸಮಾವೇಶ ಪೋಪ್ ಎರಡನೇ ಜಾನ್ ಪಾಲ್ 1985ರಲ್ಲಿ ಘೋಷಿಸಿದ ಮಾದರಿ. ಹೆಸರು ‘ದಿನ’ ಎಂದಿದ್ದರೂ ಒಂದು ವಾರ ಓಡುತ್ತದೆ. ಎರಡು-ಮೂರು ವರ್ಷಕ್ಕೊಮ್ಮೆ, ಕೆಲವೊಮ್ಮೆ ಇನ್ನೂ ತಡವಾಗಿ, ಹೊಸ ಊರಿನಲ್ಲಿ ಬಿಡುಗಡೆಯಾಗುತ್ತದೆ. 1995ರಲ್ಲಿ ಮನಿಲಾದ ಜನಸಾಗರದ ನಡುವೆ ರಸ್ತೆಯಲ್ಲಿ ಬರಲಾಗದೆ ಪೋಪ್ ಹೆಲಿಕಾಪ್ಟರ್ ಹತ್ತಬೇಕಾಯಿತು. ನಿಮ್ಮ ಪ್ಯಾಕೇಜಿನಲ್ಲಿ ಹೆಲಿಕಾಪ್ಟರ್ ಸೇರಿಲ್ಲ.

ಗಮನಿಸಿ: ಈ ಸಾಧನ ಭಕ್ತಿಯನ್ನು ನೇರವಾಗಿ ತಯಾರಿಸುವುದಿಲ್ಲ. ಹಿಂದಿನ ಯಾತ್ರಿಕರಿಗೆ ಕಾಡು, ಕಳ್ಳರು, ಕಲ್ಲುಮುಳ್ಳು ಇದ್ದವು. ನಿಮಗೆ ಗುಂಪು ಇದೆ. ಆ ಕಷ್ಟಗಳನ್ನೆಲ್ಲ ನಿಮ್ಮ ಸಹಯಾತ್ರಿಗಳೇ ತಮ್ಮತಮ್ಮಲ್ಲಿ ಹಂಚಿಕೊಂಡು ಒದಗಿಸುತ್ತಾರೆ.

2. ಪೆಟ್ಟಿಗೆಯಲ್ಲಿ ಏನೇನಿದೆ

ಬೆನ್ನಿಗೊಂದು ಚೀಲ, ತಲೆಗೊಂದು ಟೋಪಿ, ಕುತ್ತಿಗೆಗೊಂದು ಗುರುತಿನ ಚೀಟಿ, ಊಟದ ಕೂಪನ್, ಬಸ್ಸು-ರೈಲಿನ ಪಾಸು. ಚೀಲಗಳೆಲ್ಲ ಒಂದೇ ಥರ ಇರುವುದರಿಂದ ನಿಮ್ಮದಕ್ಕೆ ಕೆಂಪು ರಿಬ್ಬನ್ ಕಟ್ಟಿ. ಗುಂಪಿನ ಉಳಿದವರೂ ಕೆಂಪು ರಿಬ್ಬನ್ನೇ ಕಟ್ಟಿರುತ್ತಾರೆ.

ಮಂಚ, ಬಿಸಿನೀರು, ಕುಸುಬಲಕ್ಕಿ ಗಂಜಿ ಇದರಲ್ಲಿ ಸೇರಿಲ್ಲ. ಮಲಗುವುದು ಯಾವುದಾದರೂ ಶಾಲೆಯ ನೆಲದ ಮೇಲೆ, ಅದೃಷ್ಟವಿದ್ದರೆ ಯಾರದಾದರೂ ಮನೆಯಲ್ಲಿ. ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ, ತಪಾಸಣೆಯಲ್ಲಿ ಕಿತ್ತುಕೊಳ್ಳಬಹುದು. ಒಣಸಿಗಡಿ ಚಟ್ನಿಯ ಡಬ್ಬಿಯನ್ನು ರಾತ್ರಿ ಹಾಲ್‌ನಲ್ಲಿ ತೆರೆಯುವ ಮುನ್ನ ಅಕ್ಕಪಕ್ಕ ಮಲಗಿದ ದೇಶಗಳನ್ನು ನೆನೆಯಿರಿ. ಕಿಮ್ಚಿಯ ನಾಡಿನವರು ಕ್ಷಮಿಸಬಹುದು. ಜರ್ಮನಿಯವರ ಬಗ್ಗೆ ಭರವಸೆ ಕೊಡಲಾಗದು.

3. ಅಳವಡಿಸುವ ಕ್ರಮ

ಮೊದಲು ವೀಸಾ. ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸದ ಕಡೆಯ ರಜೆ ಪತ್ರ, ಬಿಷಪ್ ಕಚೇರಿಯ ಪತ್ರ ಸಿದ್ಧವಿರಲಿ. ದೇವರು ಕರೆದಿದ್ದಾನೆ ಎಂದು ಬರೆಯಲು ಆ ಅರ್ಜಿಯಲ್ಲಿ ಜಾಗವಿಲ್ಲ. ಊರಿಗೆ ಮರಳಿ ಬರುತ್ತೀರಿ ಎಂಬುದನ್ನು ಮಾತ್ರ ನಂಬಿಸಬೇಕು.

ನಂತರ ಎಣಿಕೆ. ರೈಲು ಹತ್ತುವಾಗ, ಇಳಿಯುವಾಗ, ಶೌಚಾಲಯಕ್ಕೆ ಹೋಗುವಾಗ, ಬಂದಮೇಲೆ ಫಾದರ್ ತಲೆ ಎಣಿಸುತ್ತಾರೆ. ಒಂದು ತಲೆ ಕಡಿಮೆ ಬಂದರೆ ಗಾಬರಿ ಬೇಡ, ಅಂಗಡಿಯಲ್ಲಿ ಫ್ರಿಜ್ ಮ್ಯಾಗ್ನೆಟ್ ಹುಡುಕುತ್ತಿರುತ್ತದೆ. ಒಂದು ಹೆಚ್ಚು ಬಂದರೂ ಗಾಬರಿ ಬೇಡ. ನಿಮ್ಮ ಗುಮಟೆಯ ಸದ್ದಿಗೆ ಮನಸೋತ ಬ್ರೆಜಿಲ್ ಹುಡುಗ ಎರಡು ಸ್ಟೇಷನ್‌ನಿಂದ ಜೊತೆಗೇ ಬರುತ್ತಿದ್ದಾನೆ.

4. ಹವಾಮಾನ

ಯಾವುದೇ ಹವೆಯಲ್ಲಿ ಬಳಸಬಹುದು, ಯಾವ ಹವೆಯಲ್ಲೂ ಹಿತವಾಗಿರದು. 2011ರಲ್ಲಿ ಮ್ಯಾಡ್ರಿಡ್‌ನ ಜಾಗರಣೆಗೆ ಬಿರುಗಾಳಿ ನುಗ್ಗಿ ಡೇರೆಗಳು ಕುಸಿದವು. ಮರುದಿನ ಬಹುಪಾಲು ಯಾತ್ರಿಕರಿಗೆ ಪರಮಪ್ರಸಾದವೇ ಸಿಗಲಿಲ್ಲ. 2013ರಲ್ಲಿ ರಿಯೊದ ಬಯಲು ಮಳೆಗೆ ಕೆಸರಾಗಿ ಜಾಗರಣೆಯನ್ನೂ ಕೊನೆಯ ಪೂಜೆಯನ್ನೂ ಕೋಪಕಬಾನಾ ಕಡಲತೀರಕ್ಕೆ ಸಾಗಿಸಬೇಕಾಯಿತು. 2023ರಲ್ಲಿ ಲಿಸ್ಬನ್ ಸುಡುಬಿಸಿಲಿನಲ್ಲಿ ಬೆಂದಿತು. ಆಗಸ್ಟಿನ ಸೋಲ್‌ನಲ್ಲಿ ಸೆಕೆ, ನಡುನಡುವೆ ಮಳೆ. ಮಂಗಳೂರಿನವರಿಗೆ ಈ ವಿಷಯದಲ್ಲಿ ತರಬೇತಿ ಬೇಕಿಲ್ಲ.

5. ಜಾಗರಣೆಯ ರಾತ್ರಿ

ಕೊನೆಯ ಶನಿವಾರ ಬಯಲಿಗೆ ನಡೆದು ಹೋಗಿ. ಚೀಟಿಯಲ್ಲಿ ಬರೆದ ವಿಭಾಗ ಹುಡುಕಿ, ಟಾರ್ಪಾಲು ಹಾಸಿ, ನಾಲ್ಕು ಮೂಲೆಗೂ ಚಪ್ಪಲಿ ಇಡಿ. ನೀರು ತರಲು ಹೋಗಿ ಬರುವಷ್ಟರಲ್ಲಿ ಟಾರ್ಪಾಲಿನ ಅರ್ಧ ಪೋಲೆಂಡ್ ಆಗಿರುತ್ತದೆ. ಜಗಳ ಬೇಡ. ಅವರ ಬಿಸ್ಕತ್ತು, ನಿಮ್ಮ ಚಕ್ಕುಲಿ ಕೈ ಬದಲಾದರೆ ಗಡಿ ವಿವಾದ ಮುಗಿಯಿತು. ಲಿಸ್ಬನ್‌ನಲ್ಲಿ ಸುಮಾರು 15 ಲಕ್ಷ ಜನ ಹೀಗೆ ಸೇರಿದ್ದರು. ರಾತ್ರಿ ಪರಮಪ್ರಸಾದದ ಮುಂದೆ ಅಷ್ಟೂ ಮಂದಿ ಮೌನವಾಗಿದ್ದರು. ಬೆಳಗಾಗುತ್ತಲೇ ಪೋರ್ಚುಗಲ್‌ನ ಪಾದ್ರಿಯೊಬ್ಬರು ಡಿಜೆಯಾಗಿ ನಿಂತು ಎಲೆಕ್ಟ್ರಾನಿಕ್ ಸಂಗೀತ ಹಾಕಿ ಎಲ್ಲರನ್ನೂ ಎಬ್ಬಿಸಿದರು. ಎರಡಕ್ಕೂ ಸಿದ್ಧರಿರಿ.

6. ದೋಷ ಮತ್ತು ಪರಿಹಾರ

ಪೋಪ್ ಕಾಣುತ್ತಿಲ್ಲ: ಮೂರು ಗಂಟೆ ಬೇಲಿಗೆ ಆತುಕೊಂಡು ನಿಂತದ್ದಕ್ಕೆ ಮುಂದಿನವನ ಮೊಬೈಲಿನ ಪರದೆಯಲ್ಲಿ ಒಂದು ಬಿಳಿ ತೋಳು ಕಂಡರೆ ಸಾಧನ ಸರಿಯಾಗಿಯೇ ಕೆಲಸ ಮಾಡುತ್ತಿದೆ.

ಪ್ರಾರ್ಥನೆ ಬರುತ್ತಿಲ್ಲ: ಕಾಲು ನೋಯುತ್ತಿದೆಯೇ ನೋಡಿ. ಜಪಮಾಲೆಯ ಎರಡನೇ ರಹಸ್ಯಕ್ಕೇ ನಿದ್ದೆ ಬಂದರೆ ಪಕ್ಕದವರು ಮುಂದುವರಿಸುತ್ತಾರೆ. ಗುಂಪಿನಲ್ಲಿ ಬಂದದ್ದರ ಲಾಭ ಅದು.

ಗುಂಪಿನ ಒಬ್ಬನನ್ನು ಕಂಡರಾಗುವುದಿಲ್ಲ: ಪಾಪನಿವೇದನೆಗೆ ಹೋಗಿ. ಲಿಸ್ಬನ್‌ನಲ್ಲಿ ಇದಕ್ಕೆಂದೇ 150 ಪೀಠಗಳಿದ್ದವು. ಅವನ್ನು ಮಾಡಿಕೊಟ್ಟವರು ಪೋರ್ಚುಗಲ್‌ನ ಜೈಲುಗಳ ಕೈದಿಗಳು. ಸರತಿಯಲ್ಲಿ ನಿಮ್ಮ ಮುಂದೆ ಅವನೇ ನಿಂತಿರುತ್ತಾನೆ. ಅವನು ಯಾರ ಮೇಲಿನ ಸಿಟ್ಟನ್ನು ಹೇಳಿಕೊಳ್ಳಲು ಬಂದಿದ್ದಾನೆ ಎಂದು ಯೋಚಿಸಲು ಬೇಕಾದಷ್ಟು ಸಮಯವಿದೆ.

7. ಸೆಲ್ಫಿಗೆ ಮುನ್ನ ಓದಿ

ಕೊರಿಯಾದ ಧರ್ಮಸಭೆಯನ್ನು ಕಟ್ಟಿದವರು ಹೊರಗಿನಿಂದ ಬಂದ ಮಿಷನರಿಗಳಲ್ಲ. ಚೀನಾದಿಂದ ಬಂದ ಪುಸ್ತಕಗಳನ್ನು ಓದಿದ ಕೆಲವು ವಿದ್ವಾಂಸರು ಕೂಡಿ ಚರ್ಚಿಸಿ, ತಮ್ಮಲ್ಲೊಬ್ಬನಾದ ಯಿ ಸುಂಗ್-ಹುನ್ 1784ರಲ್ಲಿ ಬೀಜಿಂಗ್‌ನಲ್ಲಿ ದೀಕ್ಷಾಸ್ನಾನ ಪಡೆದು ಬಂದ ಮೇಲೆ ಮನೆಯೊಂದರಲ್ಲಿ ಸೇರತೊಡಗಿದರು. ಪಾದ್ರಿಯಿಲ್ಲದೆ ವರ್ಷಗಟ್ಟಲೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಉಳಿದರು. ಮುಂದಿನ ಒಂದು ಶತಮಾನದಲ್ಲಿ ಈ ನಂಬಿಕೆಗಾಗಿ ಸಾವಿರಾರು ಮಂದಿಯ ಪ್ರಾಣ ಹೋಯಿತು. ಅವರಲ್ಲಿ 103 ಮಂದಿಯನ್ನು 1984ರಲ್ಲಿ ಸೋಲ್‌ನಲ್ಲೇ ಸಂತರೆಂದು ಘೋಷಿಸಲಾಯಿತು. ಅವರಲ್ಲಿ ಹಲವರ ಶಿರಚ್ಛೇದ ನಡೆದ ಸೊಸೊಮುನ್ ಈಗ ಪುಣ್ಯಕ್ಷೇತ್ರ. ಅಲ್ಲಿಗೆ ಹೋದಾಗ, ಚಾರ್ಜರ್ ಕೊಡದ ಗೆಳೆಯನ ಮೇಲೆ ಮುನಿಸಿಕೊಂಡಿದ್ದರೆ ಹೊರಗೇ ಮುಗಿಸಿ ಒಳಗೆ ಹೋಗಿ.

8. ವಾರಂಟಿ

ಮನಃಪರಿವರ್ತನೆಗೆ ಯಾವ ಖಾತರಿಯೂ ಇಲ್ಲ. ಊರಿಗೆ ಬಂದಮೇಲೆ ವಾಟ್ಸಾಪ್ ಗುಂಪು ಕೆಲವು ವಾರ ಉರಿದು ಬರೀ ಹುಟ್ಟುಹಬ್ಬದ ಶುಭಾಶಯಕ್ಕೆ ಇಳಿಯುತ್ತದೆ. ಸಾಧನ ಕೆಲಸ ಮಾಡಿತೋ ಇಲ್ಲವೋ ಎಂಬ ಪರೀಕ್ಷೆ ಸೋಲ್‌ನಲ್ಲಿ ನಡೆಯುವುದಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ನಿಮ್ಮ ಚರ್ಚಿನಲ್ಲೇ ನಡೆಯುತ್ತದೆ. ಮಕ್ಕಳಿಗೆ ಹಂಚಲು ಕಬ್ಬು ಇಳಿಸಬೇಕು, ಕುರ್ಚಿ ಹಾಕಬೇಕು, ಹೊಸ ತೆನೆಯನ್ನು ಮನೆಮನೆಗೆ ಎಣಿಸಿ ಕಟ್ಟಬೇಕು. ಫಾದರ್ ನಿಮ್ಮ ಹೆಸರನ್ನೇ ಕರೆಯುತ್ತಾರೆ, ಏಕೆಂದರೆ ಹೋಗುವಾಗ ಚರ್ಚ್ ಒಂದಿಷ್ಟು ದುಡ್ಡು ಕೊಟ್ಟಿತ್ತು. ಜೊತೆಗೆ ಕೆಲಸಕ್ಕೆ ಹಾಕುವುದು ಆ ಚಾರ್ಜರ್ ಕೊಡದವನನ್ನೇ. ದೂರುಗಳಿದ್ದರೆ ಅವನಿಗೇ ಸಲ್ಲಿಸಿ.