ಪಾಲಿಗೆ ಬಂದ ಸಂಖ್ಯೆ

ನಮ್ಮ ತಂದೆಯವರು ಕಟ್ಟಿಸಿದ ಮನೆಯು ಹತ್ತು ಲಕ್ಷ ರೂಪಾಯಿಗೆ ವಿಕ್ರಯವಾಗಿ, ಆ ದ್ರವ್ಯವನ್ನು ಒಡಹುಟ್ಟಿದ ಏಳು ಮಂದಿಯೂ ಸಮನಾಗಿ ಹಂಚಿಕೊಳ್ಳತಕ್ಕದ್ದೆಂದು ತೀರ್ಮಾನವಾದ ದಿನ, ಲೆಕ್ಕ ಬರೆಯುವ ಭಾರವು ಅಂಕಗಣಿತದ ಹುಚ್ಚು ತುಸು ಹೆಚ್ಚಾಗಿಯೇ ಇರುವ ನನ್ನ ತಲೆಗೆ ಬಂದಿತು. ಒಬ್ಬೊಬ್ಬರಿಗೆ 1,42,857 ರೂಪಾಯಿ. ಮಿಕ್ಕದ್ದು ಒಂದೇ ಒಂದು ರೂಪಾಯಿ. ಆ ಒಂಟಿ ರೂಪಾಯಿಯ ಗತಿಯೇನೆಂದು ಉಳಿದವರೆಲ್ಲ ಚಿಂತಾಕ್ರಾಂತರಾಗಿರಲು, ನಾನು ಪಾಲಿಗೆ ಬಂದ ಸಂಖ್ಯೆಯನ್ನೇ ನೋಡುತ್ತ, ಹೆಣ್ಣು ನೋಡಲು ಹೋದ ವರನಂತೆ ಮೈಮರೆತು ಕುಳಿತಿದ್ದೆನು.

ಅಣ್ಣನ ಪಾಲಿಗೆ ನನ್ನದನ್ನು ಕೂಡಿದರೆ 2,85,714. ತಮ್ಮನದನ್ನೂ ಸೇರಿಸಿದರೆ 4,28,571. ಅವೇ ಆರು ಅಂಕಗಳು ಕೋಲಾಟದವರಂತೆ ಸುತ್ತು ತಿರುಗಿ ನಿಂತಿರುವುವೇ ಹೊರತು, ಸಾಲು ಬಿಟ್ಟು ಹೋದವನೊಬ್ಬನಿಲ್ಲ, ಹೊರಗಿನಿಂದ ನುಸುಳಿದವನೊಬ್ಬನಿಲ್ಲ. ಆರು ಪಾಲು ಕೂಡಿ 8,57,142 ಆಗುವವರೆಗೂ ಈ ಸಂಪ್ರದಾಯಕ್ಕೆ ಭಂಗವಿಲ್ಲ. ಏಳನೆಯ ಪಾಲು, ಎಂದರೆ ಅಕ್ಕನ ಪರವಾಗಿ ಬಂದಿದ್ದ ಭಾವನವರ ಪಾಲು, ಸೇರಿದೊಡನೆಯೇ ಆ ಚೆಲುವೆಲ್ಲ ಅಳಿದು, ಆರಕ್ಕೆ ಆರೂ ಗಂಟುಮೋರೆ ಹಾಕಿಕೊಂಡಂತೆ 9,99,999 ಆಗಿಬಿಡುತ್ತದೆ. ಇದನ್ನು ನಾನು ಅಲ್ಲಿ ಗಟ್ಟಿಯಾಗಿ ಹೇಳಬಾರದಾಗಿತ್ತು.

ನನ್ನ ಪಾಲಿನ ಸಂಖ್ಯೆಯ ಕುಲಗೋತ್ರಗಳನ್ನೂ ವಿಚಾರಿಸಿದೆನು. ಮೂರು ಎಂಬ ಮೂಲಪುರುಷನು ಮೂರು ಬಾರಿ, ಬಳಿಕ 11, 13, 37 ಒಂದೊಂದು ಬಾರಿ ಗುಣಿತವಾಗಿ ಈ ವಂಶವಾಗಿದೆ. ಕ್ರಿಸ್ತಶಕ 100ರ ಸುಮಾರಿನಲ್ಲಿದ್ದ ಗೆರಸದ ನಿಕೋಮಾಕಸನು ಸಂಖ್ಯೆಗಳನ್ನು ಪೂರ್ಣ, ಅಧಿಕ, ನ್ಯೂನವೆಂದು ಮೂರು ವರ್ಣಗಳಾಗಿ ವಿಂಗಡಿಸಿ, ನ್ಯೂನವಾದವುಗಳನ್ನು ಅಂಗಹೀನ ಪ್ರಾಣಿಗಳಿಗೆ ಹೋಲಿಸಿದ್ದಾನೆ. ನನ್ನ ಸಂಖ್ಯೆಯ ಭಾಜಕಗಳನ್ನು, ಅದನ್ನೊಂದನ್ನು ಬಿಟ್ಟು, ಕೂಡಿದರೆ 1,12,503 ಮಾತ್ರವೇ ಆಗುವುದರಿಂದ, ಆ ಗ್ರೀಕನ ಮಠದಲ್ಲಿ ಅದಕ್ಕೆ ಪಂಕ್ತಿಭೋಜನವಿಲ್ಲ. ಆದರೆ ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಉಪಾಧ್ಯಾಯರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರು ಉದಾರಿಗಳು. ತನ್ನ ಅಂಕಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗೆ ಅವರು 'ಹರ್ಷದ'ವೆಂದು ನಾಮಕರಣ ಮಾಡಿದರು. ಇಲ್ಲಿ ಮೊತ್ತ 27, ಲಬ್ಧ 5291, ಶೇಷ ಶೂನ್ಯ. ಅವರದೇ ಹೆಸರನ್ನು ಹೊತ್ತ ಇನ್ನೊಂದು ಮನೆತನಕ್ಕೂ ಇದು ಸಲ್ಲುತ್ತದೆ: ಇದರ ವರ್ಗವಾದ 20408122449ನ್ನು 20408, 122449 ಎಂದು ಎರಡು ಹೋಳು ಮಾಡಿ ಕೂಡಿದರೆ ಪುನಃ 142857. ಒಡೆದು ಪಾಲಾದ ಮನೆಯು ಮತ್ತೆ ಒಂದಾಗುವುದನ್ನು ನಾನು ಗಣಿತದಲ್ಲಲ್ಲದೆ ಬೇರೆಲ್ಲಿಯೂ ಕಂಡವನಲ್ಲ.

"ಹರ್ಷದವಂತೆ! ಅದಕ್ಕಾಗಿ ಬ್ಯಾಂಕಿನವರು ಕಾಲು ಪರ್ಸೆಂಟು ಬಡ್ಡಿ ಹೆಚ್ಚಿಗೆ ಕೊಡ್ತಾರೇನು, ಕೇಳಿ" ಎಂದಳು ನನ್ನ ಹೆಂಡತಿ.

ಇತ್ತ ಭಾವನವರು, ನ್ಯಾಯವೆಂದರೆ ನ್ಯಾಯ, ಆ ಒಂದು ರೂಪಾಯಿಯೂ ಏಳು ಪಾಲಾಗಲೇಬೇಕೆಂದು ಹಟ ಹಿಡಿದರು. ಭಾಗಿಸತೊಡಗಿದೆನು. 0.142857142857… ಅವೇ ಆರು ಮಂದಿ, ಅದೇ ಸಾಲಿನಲ್ಲಿ, ದಶಾಂಶ ಬಿಂದುವಿನ ಹೊಸಿಲು ದಾಟಿ ಒಬ್ಬರ ಹಿಂದೊಬ್ಬರು ಬರುತ್ತಲೇ ಇದ್ದರು. ಎರಡು ಹಾಳೆ ತುಂಬಿ ಮೂರನೆಯದಕ್ಕೆ ಕೈಯಿಕ್ಕುವಷ್ಟರಲ್ಲಿ ಅತ್ತಿಗೆಯವರು "ಎಲೆ ಹಾಕಿದೆ, ಏಳಿ" ಎಂದರು. ಆ ಕ್ರಿಯಾಪದವೂ ನನಗೆ ಭಾಜಕದಂತೆಯೇ ಕೇಳಿಸಿತು.

ಕೊನೆಗೆ ಆ ನಾಣ್ಯವನ್ನು ನಮ್ಮ ಮನೆಯ ತಿಮ್ಮಪ್ಪನ ಮುಡಿಪಿನ ಡಬ್ಬಿಗೆ ಹಾಕಿದೆವು. ಭಾವನವರು ಈಗಲೂ ಬಂದಾಗಲೆಲ್ಲ ಡಬ್ಬಿಯನ್ನೊಮ್ಮೆ ಅಲ್ಲಾಡಿಸಿ, ಕಿವಿಗೊಟ್ಟು ಕೇಳಿ, ಆಮೇಲೆಯೇ ಕಾಫಿಗೆ ಕೂಡುತ್ತಾರೆ.