ನೀರ ಮೇಲೆ ನೀರ್‌ದೋಸೆ

(ಕುಂದಾಪುರದ ಹತ್ತಿರ, ಪಂಚಗಂಗಾವಳಿ ಹೊಳೆಯ ಬದಿ. ಮಾವ ಹರಿದ ಬಲೆ ಸರಿ ಮಾಡುತ್ತಿದ್ದಾನೆ. ಬೆಂಗಳೂರಿನ ಹೋಟ್ಲು ಕೆಲಸ ಬಿಟ್ಟು ಬಂದ ಅಳಿಯನ ಕಣ್ಣು ಮಾವನ ದೋಣಿಯ ಮೇಲೆ. ಅತ್ತೆ ಒಳಗಿದ್ದಾಳೆ, ಆ ಮನೆಯಲ್ಲಿ ಒಳಗಿದ್ದವರಿಗೇ ಹೆಚ್ಚು ಕೇಳಿಸುವುದು.)

ಅಳಿಯ: ಮಾವ, ನಿಮ್ಮ ದೋಣಿಯಲ್ಲಿ ಹೋಟ್ಲು ಮಾಡುವ. ಹೆಸರೂ ಇಟ್ಟಾಯ್ತು, ‘ನೀರ ಮೇಲೆ ನೀರ್‌ದೋಸೆ’.

ಮಾವ: ಹೆಸರಲ್ಲೇ ಎರಡು ಸಲ ಮುಳುಗಿದ್ಯಲ್ಲ ಮಾಣಿ!

ಅಳಿಯ: ಥಾಯ್ಲೆಂಡಲ್ಲಿ ದೋಣಿಯಲ್ಲೇ ನೂಡಲ್ಸ್ ಬೇಯಿಸಿ ಮಾರ್ತಾರೆ. ಶ್ರೀನಗರದ ದಾಲ್ ಸರೋವರದಲ್ಲಿ ತರಕಾರಿ ಸಂತೆಯೇ ದೋಣಿ ಮೇಲೆ.

ಮಾವ: ಸರೋವರಕ್ಕೆ ಭರತ, ಇಳಿತ ಉಂಟಾ? ಇಲ್ಲಿ ಅಳಿವೆ ಪಕ್ಕದಲ್ಲೇ. ಇಳಿತದಲ್ಲಿ ದೋಣಿ ಕೆಸರಲ್ಲಿ ಕೂತ್ರೆ, ಮತ್ತೆ ಏಳೂದು ಭರತ ಬಂದ ಮೇಲೆ.

ಅಳಿಯ: ಕೂರ್ಲಿ ಮಾವ! ಕಾಫಿಗೆ ಬಂದವರು ಊಟಕ್ಕೂ ಅಲ್ಲೇ. ಬಿಲ್ಲು ಕೊಡದೆ ಓಡ್ಲಿಕ್ಕೂ ಆಗೂದಿಲ್ಲ.

ಮಾವ: ಹೌದು, ಓಡ್ಲಿಕ್ಕೆ ಆಗೂದಿಲ್ಲ. ಒಬ್ಬ ಗಿರಾಕಿ ‘ಒಂದಕ್ಕೆ ಹೋಗ್ಬೇಕು’ ಅಂದ್ರೆ?

ಅಳಿಯ: (ತಲೆ ಕೆರೆದು) ಅದು... ಎರಡನೇ ಹಂತದಲ್ಲಿ.

ಮಾವ: ಒಂದಕ್ಕೇ ಎರಡನೇ ಹಂತವಾ! ಇರ್ಲಿ. ಹಿಟ್ಟು ರುಬ್ಲಿಕ್ಕೆ, ಪಾತ್ರೆ ತೊಳೀಲಿಕ್ಕೆ ನೀರು?

ಅಳಿಯ: (ಹೊಳೆ ಕಡೆ ಕೈ ತೋರಿಸಿ) ಇದೆಂತ ಮಾವ? ಐದು ಹೊಳೆ ಬಂದು ಸೇರ್ತದೆ!

ಮಾವ: ಐದು ಹೊಳೆ ಸೇರ್ತದೆ, ಒಂದು ಲೋಟ ಕುಡೀಲಿಕ್ಕಿಲ್ಲ. ಉಪ್ಪು. ನೀರ ಮೇಲೆ ಕೂತವ ದಡದ ಬಾವಿಯಿಂದ ಕೊಡಪಾನ ಹೊರ್ಬೇಕು.

ಅಳಿಯ: ಗ್ಯಾಸ್ ಒಲೆಯದ್ದಂತೂ ತೊಂದರೆ ಇಲ್ಲ.

ಮಾವ: ಇರೂದೇ ಅಲ್ಲಿ. ಗ್ಯಾಸ್ ಗಾಳಿಗಿಂತ ಭಾರ. ಅಂಗಡಿಯಲ್ಲಿ ಲೀಕಾದ್ರೆ ಬಾಗಿಲು ತೆಗೆದ್ರೆ ಹೋದೀತು. ದೋಣಿಗೆ ಬಾಗಿಲೆಲ್ಲಿ? ತಳದಲ್ಲಿ ಹೋಗಿ ಕೂತ್ಕೊಳ್ತದೆ. ಮೇಲೆ ನೀನು ಕಡ್ಡಿ ಗೀರು.

ಅಳಿಯ: ಲೈಫ್ ಜಾಕೆಟ್ ಎಲ್ಲರಿಗೂ ಕೊಡ್ತೆ ಮಾವ. ಅದನ್ನು ಹಾಕ್ಕೊಂಡ್ರೆ ಹೊಟ್ಟೆ ಕಾಣೂದಿಲ್ಲ, ಇನ್ನೆರಡು ದೋಸೆ ನಾಚಿಕೆ ಇಲ್ದೆ ತಿಂತಾರೆ.

ಮಾವ: ಮೀನು ಹಾರಿತು ಅಂತ ಎಲ್ಲರೂ ಫೋನು ಹಿಡ್ಕೊಂಡು ಒಂದೇ ಬದಿಗೆ ಓಡಿದ್ರೆ? ದೋಸೆ ಕಾವಲಿ ಬಿಟ್ಟು ಹೊಳೆಗೆ. ಹಿಂದೆಯೇ ನೀನು.

ಅಳಿಯ: ಕಾಗದಪತ್ರ ಎಲ್ಲ ಸರಿ ಮಾಡ್ತೆ. ಇಂಜಿನ್ ದೋಣಿಗೆ 2021ರ ಕಾಯ್ದೆ ಪ್ರಕಾರ ಸರ್ವೆ, ನೋಂದಣಿ. ಅಡುಗೆಗೆ ಆಹಾರ ಸುರಕ್ಷತೆಯ ನೋಂದಣಿ ಬೇರೆ. ಆ ಫಾರ್ಮಿನಲ್ಲಿ ಮನೆ ನಂಬರ್ ಕೇಳಿದ್ರು. ‘ಭರತದಲ್ಲಿ ಇಲ್ಲಿ, ಇಳಿತದಲ್ಲಿ ಸ್ವಲ್ಪ ಆಚೆ’ ಅಂತ ಬರ್ದೆ.

ಮಾವ: ಮಳೆಗಾಲದಲ್ಲಿ ‘ಅರಬ್ಬೀ ಸಮುದ್ರ’ ಅಂತ ಸೇರಿಸು.

ಅತ್ತೆ: (ಹೊರಗೆ ಬಂದು) ಹ್ವಾಯ್, ದೋಸೆ ಹುಯ್ಯೂದು ಯಾರು?

(ಇಬ್ಬರೂ ಸುಮ್ಮನೆ. ಇಷ್ಟು ಹೊತ್ತು ಯಾರೂ ಕೇಳದೆ ಬಿಟ್ಟ ಪ್ರಶ್ನೆ.)

ಅಳಿಯ: ಅತ್ತೇ... ನಿಮ್ಮ ಕೈರುಚಿ ನಂಬಿಯೇ ಅಲ್ದಾ ನಾನು...

ಅತ್ತೆ: ನಾನು ಅಲ್ಲಾಡುವ ಒಲೆ ಮುಂದೆ ಕೂರೂದಿಲ್ಲ. ದೋಣಿಯನ್ನು ಮನೆ ಹಿಂದಿನ ದಡಕ್ಕೆ ಕಟ್ಟು. ಅಡುಗೆ ನಮ್ಮ ಒಲೆಯಲ್ಲಿ, ನೀರು ನಮ್ಮ ಬಾವೀದು. ಜನ ದೋಣಿಯಲ್ಲಿ ಕೂತು ತಿನ್ಲಿ.

ಮಾವ: ಹಾಗಾದ್ರೆ ದೋಣಿ ಎಂತಕ್ಕೆ? ಚಾವಡಿಯಲ್ಲೇ ಕೂರ್ಲಿ.

ಅಳಿಯ: ಫೋಟೋಕ್ಕೆ ಮಾವ! ಜನ ಬರೂದೇ ಅದಕ್ಕೆ.

ಅತ್ತೆ: ಹಾಗಾದ್ರೆ ಫೋಟೋಕ್ಕೆ ದುಡ್ಡು ತಕೊ, ದೋಸೆ ಪುಕ್ಕಟೆ ಕೊಡು.

ಮಾವ: (ಬಲೆ ಕೆಳಗಿಟ್ಟು) ಪುಕ್ಕಟೆಯಾ? ಅಕ್ಕಿ ನೆನೆ ಹಾಕಿದ್ದೆಯಾ?